ಕೆಮಿಗೀಸಾ ತಡೆದ ಚೀಲ

ಅಧ್ಯಕ್ಷರೇ, ಕಂಪಾಲಾದಿಂದ ಬಂದ ಮಾನ್ಯ ಅತಿಥಿಗಳೇ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ತಾಯಂದಿರೇ, ಊಟದ ವಾಸನೆ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ನಮ್ಮ ಆಸ್ಪತ್ರೆಯ ಔಷಧ ವಿಭಾಗದಿಂದ ಇಂದು ನಿವೃತ್ತರಾಗುತ್ತಿರುವ ಕೆಮಿಗೀಸಾ ಅವರ ಬಗ್ಗೆ ಐದು ನಿಮಿಷ ಮಾತಾಡಿ ಎಂದಿದ್ದಾರೆ. ಇಪ್ಪತ್ತೆರಡು ವರ್ಷಗಳನ್ನು ಐದು ನಿಮಿಷಕ್ಕೆ ಇಳಿಸುವುದು ಹೇಗೆ? ಒಂದೇ ಒಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ.

ಒಂಬತ್ತು ವರ್ಷಗಳ ಹಿಂದೆ ನಮ್ಮ ಶಿಶುಗಳ ವಾರ್ಡಿನಲ್ಲಿ ಕಬಸಿಂಗುಜಿ ಎಂಬ ತಾಯಿಯ ಮಗುವಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ತೂಕ ಒಂದು ಕಿಲೋ ಕೂಡ ಇಲ್ಲ. ಹಾಲು ಅರಗಿಸಿಕೊಳ್ಳುವ ಶಕ್ತಿ ಕರುಳಿಗೆ ಬಂದಿರಲಿಲ್ಲ. ಸಕ್ಕರೆ, ಪ್ರೋಟೀನು, ಲವಣಗಳನ್ನು ಒಂದು ಚೀಲದಲ್ಲಿ ಬೆರೆಸಿ ನೇರ ರಕ್ತಕ್ಕೇ ಹನಿಸಬೇಕು. ಬೆರೆಸುವವರು ಕೆಮಿಗೀಸಾ. ಚೀಟಿ ಬರೆಯುವವರು ವೈದ್ಯರು. ಎಳೆ ಮೂಳೆ ಗಟ್ಟಿಯಾಗಲಿ ಎಂದು ಆ ದಿನ ಕ್ಯಾಲ್ಸಿಯಂ, ಫಾಸ್ಫೇಟ್ ಎರಡನ್ನೂ ದುಪ್ಪಟ್ಟು ಬರೆಯಲಾಗಿತ್ತು. ಬರೆದ ವೈದ್ಯರು ಯಾರೆಂಬುದು ಇಲ್ಲಿ ಮುಖ್ಯವಲ್ಲ.

ಎರಡು ಗಂಟೆ ಕಳೆದರೂ ಚೀಲ ಬರಲಿಲ್ಲ. ನಾನೇ ಹೋದೆ. ಕೆಮಿಗೀಸಾ ಚೀಲವನ್ನು ಕಪ್ಪು ಬಟ್ಟೆಯ ಮುಂದೆ ಹಿಡಿದು ದೀಪದ ಬೆಳಕಲ್ಲಿ ದಿಟ್ಟಿಸುತ್ತಿದ್ದರು.

“ಏನ್ ಮೇಡಂ, ಸಿನಿಮಾ ನೋಡ್ತಿದ್ದೀರಾ?” ಎಂದೆ.

ನಮ್ಮ ಈ ಊರು ಫೋರ್ಟ್ ಪೋರ್ಟಲ್‌ನಲ್ಲಿ ನಾವು ಒಬ್ಬರನ್ನೊಬ್ಬರು ಪ್ರೀತಿಯ ಹೆಸರಿನಿಂದಲೇ ಕರೆಯುವವರು. ಅವರು ಅಬ್ವೋಲಿ, ನಾನು ಅಮೂಟಿ. ಸಿಟ್ಟಿನಲ್ಲಿ ನನಗದು ಮರೆತಿತ್ತು. ಅವರಿಗೆ ಮರೆತಿರಲಿಲ್ಲ.

“ಬೆರೆಸಿದಾಗ ತಿಳಿಯಾಗಿತ್ತು ಅಮೂಟಿ. ಈಗ ದೂಳಿನ ಥರ ಏನೋ ಕಾಣ್ತಿದೆ. ಇದನ್ನ ಕೊಡಲ್ಲ.”

“ಗಾಳಿ ಗುಳ್ಳೆ ಕಣ್ರೀ. ಮಗು ಹಸಿದಿದೆ, ಕೊಡಿ.”

“ಗುಳ್ಳೆ ಆದ್ರೆ ಮೇಲೇಳತ್ತೆ. ಇದು ಕೆಳಗಿಳೀತಿದೆ ನೋಡಿ.”

ನೋಡಿದೆ. ಇಳಿಯುತ್ತಿತ್ತು. ಕ್ಯಾಲ್ಸಿಯಂ, ಫಾಸ್ಫೇಟ್ ಒಂದಕ್ಕೊಂದು ಕೂಡಿ ಸಣ್ಣ ಹರಳುಗಳಾಗಿದ್ದವು. ಅಂಗೈಯಗಲದ ಆ ಎದೆಯ ರಕ್ತನಾಳಗಳಲ್ಲಿ ಅವು ಸಿಕ್ಕಿಕೊಂಡಿದ್ದರೆ? ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡೆ. ಚೀಟಿಯ ಅಕ್ಷರ ನನ್ನದೇ ಆಗಿತ್ತು. ಇದನ್ನು ಹೇಳಬಾರದೆಂದುಕೊಂಡು ಬಂದಿದ್ದೆ, ಬಾಯಿಗೆ ಬಂದುಬಿಟ್ಟಿತು.

ಅವರು ಬೈಯಲಿಲ್ಲ. ಕುರ್ಚಿ ಎಳೆದರು. “ಬೇರೆ ಚೀಲ ಬೆರೆಸೋತನಕ ಬರೀ ಸಕ್ಕರೆ ನೀರು ಹನೀಲಿ. ಕೂತ್ಕೊಳ್ಳಿ, ಎಷ್ಟೆಷ್ಟು ಹಾಕ್ಬೋದು ಅಂತ ಇಬ್ರೂ ನೋಡೋಣ.”

ಪ್ರಮಾಣ ಇಳಿಸಿದೆವು. ಈ ಬಾರಿ ಫಾಸ್ಫೇಟ್ ಮೊದಲು ಹಾಕಿ, ಕಲಕುತ್ತ, ಕಟ್ಟಕಡೆಗೆ ಕ್ಯಾಲ್ಸಿಯಂ ಬಿಟ್ಟರು. ಅರ್ಧ ಗಂಟೆ ಕಾದೆವು. ಚೀಲ ತಿಳಿನೀರಿನಂತೆ ನಿಂತಿತ್ತು. “ಈಗ ಓಡಿ,” ಎಂದರು. ಆಗಲೇ ನನಗೆ ಐವತ್ತು ವರ್ಷ. ಆದರೂ ಓಡಿದೆ.

ಇನ್ನೊಂದು ಮಾತು. ಗುಳ್ಳೆ ಏರುತ್ತದೆ, ಹರಳು ಇಳಿಯುತ್ತದೆ ಎಂಬುದನ್ನು ಮೂರು ಸಮ್ಮೇಳನಗಳಲ್ಲಿ ನಾನೇ ಕಂಡುಹಿಡಿದವನಂತೆ ಹೇಳಿ ಮೆಚ್ಚುಗೆ ಪಡೆದಿದ್ದೇನೆ. ಒಮ್ಮೆ ಅವರೂ ಸಭೆಯಲ್ಲಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ವಾರ ನಾನು ಔಷಧ ವಿಭಾಗದ ದಾರಿ ಹಿಡಿಯಲಿಲ್ಲ.

ಆ ಮಗು ಎಲ್ಲಿ? ಮೂರನೇ ಸಾಲಿನಲ್ಲಿ ಅಣ್ಣನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಳಲ್ಲ, ಅಹೆಬ್ವಾ, ಅವಳೇ. ನಾಚಬೇಡ ತಾಯಿ, ತಿನ್ನು.

ನಾಳೆಯಿಂದ ಇಲ್ಲಿ ಹೊಸ ನಿಯಮ: ಚೀಲ ಬೇಡವೆಂದು ಬೆರೆಸಿದವರು ಹೇಳಿದರೆ, ಯಾವ ವೈದ್ಯರೂ ಅದನ್ನು ಮಗುವಿಗೆ ಹಾಕುವಂತಿಲ್ಲ. ಇಂದು ಬೆಳಿಗ್ಗೆ ನಾನೇ ಬರೆದು ಸಹಿಗೆಂದು ಅವರ ಮುಂದಿಟ್ಟೆ. ಅಬ್ವೋಲಿ ಕನ್ನಡಕ ಏರಿಸಿ, ನಿಧಾನವಾಗಿ ಓದಿ, ನನ್ನ ಎರಡು ತಪ್ಪು ತಿದ್ದಿ, ಆಮೇಲೆ ಸಹಿ ಹಾಕಿದರು.

ಕೇಳಿದ ನಿಮಗೂ, ಅಂದು ನನ್ನ ಮಾತು ಕೇಳದ ಅವರಿಗೂ ಕೃತಜ್ಞತೆಗಳು. ನಮಸ್ಕಾರ.