ಹನ್ನೆರಡು ಗೆರೆ

ಬೈಂಡಿಂಗ್ ಅಂಗಡಿಯ ಯಜಮಾನಿ ಕಣ್ಣನ್ನು ಅಂಟಿನ ಡಬ್ಬಿಯ ಮೇಲಿಟ್ಟು, ಕಿವಿಯನ್ನು ಬೆಂಚಿನ ಕಡೆ ಬಿಟ್ಟಿದ್ದಳು. ಅಲ್ಲಿ ಮನಶ್ಶಾಸ್ತ್ರ ಓದುವ ಇಬ್ಬರು ಕೂತಿದ್ದರು. ಕಿರಿಯಳ ಮಡಿಲಲ್ಲಿ ಅವಳ ಪ್ರಬಂಧದ ಕಟ್ಟು.

"ಅಕ್ಕಾ, ಆ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಅಧ್ಯಯನದಿಂದ ಒಬ್ಬರನ್ನ ತೆಗೆಯೋದು ಎಷ್ಟು ಸುಲಭ! ಅವರ ನಂಬರಿನ ಮೇಲೊಂದು ಗೆರೆ ಬೀಳತ್ತೆ, ಅಷ್ಟೇ. ಆಮೇಲೆ ಅವರು ಲೆಕ್ಕಕ್ಕಿಲ್ಲ."

"ವಿಚಿತ್ರ ಉತ್ತರ ಬಂದ್ರೆ ಎಲ್ಲರೂ ತೆಗೀತಾರೆ ಕಣೇ."

"ವಿಚಿತ್ರವಾ? ಮಗು ಕಳ್ಕೊಂಡ ಅರವತ್ತು ತಾಯಂದಿರು ಹತ್ತು ವಾರ ನಮ್ಮ ಗೈಡ್ ಸರ್ ಕಂಡುಹಿಡಿದ ಸಮಾಧಾನದ ಪಾಠ ಕೇಳಿದ್ರು. ಹನ್ನೆರಡು ಜನಕ್ಕೆ ದುಃಖ ಕಮ್ಮಿ ಆಗ್ಲಿಲ್ಲ. ಆ ಹನ್ನೆರಡು ಜನರನ್ನೇ ತೆಗಿ ಅಂದ್ರು ಸರ್."

"ತೆಗೆದೆಯಾ?"

"ತೆಗೆದೆ. ಪಾಠ ಗೆದ್ದಿತು ಅಂತ ಫಲಿತಾಂಶ ಬಂತು. ಸರ್ ಬೆನ್ನು ತಟ್ಟಿ ಕಾಫಿ ತರಿಸಿದ್ರು. ಥೂ, ಆ ಕಾಫಿ ಹಾಗೇ ಬಿಟ್ಟು ಬಂದೆ."

"ಬಾಯಿ ಮುಚ್ಕೊಂಡು ಡಿಗ್ರಿ ತಗೋ ಮಾರಾಯ್ತಿ. ನಾನೂ ಮಾಡಿದ್ದು ಅದೇ."

"ಅದಕ್ಕೇ ನಿನ್ನ ಪ್ರಬಂಧ ನೀನು ಮತ್ತೆ ಮುಟ್ಟಲೇ ಇಲ್ವಾ?"

ಹಿರಿಯಳು ಅವಳ ಮಡಿಲಿಗೆ ಕೈ ಚಾಚಿದಳು. ಕಟ್ಟಿನ ಮೊದಲ ಹಾಳೆ ತಿರುವಿದವಳು ಬೆಚ್ಚಿದಳು.

"ಅಯ್ಯೋ, ಕೃತಜ್ಞತೆಯಲ್ಲಿ ‘ಅರವತ್ತು ತಾಯಂದಿರಿಗೆ’ ಅಂತಲೇ ಇದೆ! ನಲವತ್ತೆಂಟು ಮಾಡು, ಇಲ್ಲಾಂದ್ರೆ ಪರೀಕ್ಷಕರು ಹಿಡೀತಾರೆ."

"ಕೈ ಮುಗಿಯೋವಾಗ್ಲೂ ತೆಗೀಬೇಕಾ?"

ಯಜಮಾನಿ ಕತ್ತೆತ್ತಿದಳು. "ನಿನ್ನ ಸರದಿ ತಾಯಿ. ರಟ್ಟು ಕಪ್ಪೋ, ನೀಲಿಯೋ?"

ಕಿರಿಯಳು ಕಟ್ಟನ್ನು ಎದೆಗವಚಿಕೊಂಡು ಎದ್ದಳು.

"ಇವತ್ತು ಬೇಡಮ್ಮಾ. ಇನ್ನೂ ಹನ್ನೆರಡು ಗೆರೆ ಅಳಿಸೋದಿದೆ."

"ಸರ್ ನಿನ್ನ ಹುರಿದು ಮುಕ್ತಾರೆ ಕಣೇ!" ಎನ್ನುತ್ತ ಹಿರಿಯಳು ಹಿಂದೆಯೇ ಓಡಿದಳು.

"ಮುಕ್ಲಿ," ಎಂಬ ದನಿ ಬೀದಿಯಿಂದ ಬಂತು.

ಯಜಮಾನಿ ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದಳು.