ಹೇಗೂ ಮಾರುವ ಗಾಡಿ

ಶರಣ ಬಂಧುಗಳೇ, ತಾಯಂದಿರೇ, ನಮ್ಮ ಮಠದ ಪ್ರವಚನದಲ್ಲಿ ಚಂಚಲ ಮನಸ್ಸಿನ ವಿಷಯ ನಡೆದಿತ್ತು. ಮನಸ್ಸನ್ನು ಎರಡು ಕಡೆಯಿಂದ ಎಳೆದರೆ ಏನಾಗುತ್ತದೆ ಎಂದು ನಿನ್ನೆ ಒಬ್ಬ ತಾಯಿ ಕೇಳಿದರು. ಶಾಸ್ತ್ರದ ಮಾತಿನಲ್ಲಿ ಉತ್ತರ ಹೇಳಿದರೆ ಹಿಂದಿನ ಸಾಲಿನವರಿಗೆ ತೂಕಡಿಕೆ ಬರುತ್ತದೆ. ಆದ್ದರಿಂದ ಒಂದು ದೃಷ್ಟಾಂತ ಹೇಳುತ್ತೇನೆ, ಎಚ್ಚರವಾಗಿ ಕೇಳಿ.

ನಮ್ಮ ಬಯಲುಸೀಮೆಯ ಒಂದು ಊರು. ಆ ಊರಿನ ಪೇಟೆಯಲ್ಲಿ ಒಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲೇ ಯಾರಾದರೂ ಎದ್ದು ಹೋದಾರು. ಕಾಳಿನ ವ್ಯಾಪಾರ, ಒಳ್ಳೆಯ ಗಳಿಕೆ, ಮನೆಯಲ್ಲಿ ಗಂಗವ್ವ ಎಂಬ ಹೆಂಡತಿ. ಉಣ್ಣಲಿಕ್ಕೆ ಉಡಲಿಕ್ಕೆ ಏನೂ ಕೊರತೆಯಿಲ್ಲ. ಅವನ ಹತ್ತಿರ ಒಂದು ಕಾರಿತ್ತು. ದೊಡ್ಡ ಕಾರು, ಬಿಳಿಯದು, ವಯಸ್ಸಾದದ್ದು. ಪೆಟ್ರೋಲ್ ಕುಡಿಯುವುದರಲ್ಲಿ ಮಾತ್ರ ಇನ್ನೂ ಪ್ರಾಯದ್ದು.

ಒಂದು ದಿನ ಕ್ಷೌರದಂಗಡಿಯಲ್ಲಿ ಯಾರೋ ಹೊಸ ಕಾರಿನ ಮಾತು ತೆಗೆದರು. ಅದು ಅರ್ಧ ಪೆಟ್ರೋಲಿನಲ್ಲಿ ಅಷ್ಟೇ ದಾರಿ ಓಡುತ್ತದಂತೆ. ಅಷ್ಟೇ ನೋಡಿ, ಸಾಹುಕಾರನ ತಲೆಗೆ ಹುಳ ಬಿಟ್ಟಂತಾಯಿತು. ಹಳೆಯದನ್ನು ಇಟ್ಟುಕೊಳ್ಳಲೋ, ಹೊಸದನ್ನು ಕೊಳ್ಳಲೋ?

ಇದೇನು ದೊಡ್ಡ ಪ್ರಶ್ನೆ ಎನ್ನುತ್ತೀರಿ. ಎರಡರಲ್ಲಿ ಯಾವುದನ್ನು ಮಾಡಿದರೂ ಅವನಿಗೆ ನಡೆಯುತ್ತಿತ್ತು. ಆದರೆ ಅವನು ಕೇಳುತ್ತಾ ಹೊರಟ. ಭಾವಮೈದುನನನ್ನು ಕೇಳಿದ, ಅವನು ಗ್ಯಾಸಿನ ಗಾಡಿ ತಗೋ ಎಂದ. ಗ್ಯಾಸ್ ತುಂಬಿಸುವ ಪಂಪ್ ಊರಲ್ಲಿ ಇರಲಿಲ್ಲ. ಡಾಕ್ಟರನ್ನು ಕೇಳಿದ, ಅವರು ಕರೆಂಟಿನ ಗಾಡಿ ತಗೋ ಎಂದರು. ನಡುದಾರಿಯಲ್ಲಿ ಬ್ಯಾಟರಿ ಇಳಿದರೆ ಗತಿಯೇನು ಎಂದು ಹೆದರಿದ. ಪಕ್ಕದ ಅಂಗಡಿಯವನು ಸ್ವಲ್ಪ ತಡೆ, ಬರುವ ವರ್ಷ ಇನ್ನೂ ಒಳ್ಳೆಯದು ಬರುತ್ತದೆ ಎಂದ. ಇನ್ನೊಬ್ಬ, ತಡೆದರೆ ನಿನ್ನ ಹಳೆಯದನ್ನು ಕೇಳುವವರೇ ಇರುವುದಿಲ್ಲ ಎಂದ. ಎಲ್ಲರ ಮಾತೂ ಸಾಹುಕಾರನಿಗೆ ಸರಿಯೆನಿಸಿತು. ಎಲ್ಲವೂ ಸರಿಯೆನಿಸಿದ ಮನುಷ್ಯನಿಗೆ ನಿದ್ದೆ ಹೇಗೆ ಬಂದೀತು?

ಗಾಡಿ ಹತ್ತಿದರೆ ಅವನ ಕಣ್ಣು ರಸ್ತೆಯ ಮೇಲಿಲ್ಲ, ಪೆಟ್ರೋಲಿನ ಮುಳ್ಳಿನ ಮೇಲೆ. ಎಂತಹ ಬಿಸಿಲಿದ್ದರೂ ಎಸಿ ಹಾಕುವುದಿಲ್ಲ. ಎದುರಿಗೆ ಎಮ್ಮೆ ಅಡ್ಡ ಬಂದರೆ ಇಂಜಿನ್ ಆಫ್ ಮಾಡಿ, ಎಮ್ಮೆ ದಾಟುವ ತನಕ ಕೂರುತ್ತಿದ್ದ. ಇಂಜಿನ್ ಸದ್ದು ಮಾಡಿದಷ್ಟೂ ತನ್ನ ಮೈಯ ರಕ್ತವೇ ಸುಡುತ್ತಿದೆ ಎಂಬ ಸಂಕಟ ಅವನಿಗೆ. ನಗಬೇಡಿ, ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಹೀಗಿರುವಾಗ ಗಂಗವ್ವನಿಗೆ ಒಂದು ಫೋನು ಬಂತು. ಗಂಗವ್ವನ ಅಕ್ಕನನ್ನು ಘಟ್ಟದ ಕೆಳಗೆ, ಸಮುದ್ರದ ಕಡೆಯ ಊರಿಗೆ ಕೊಟ್ಟಿದ್ದರು. ಗಂಗವ್ವನಿಗೆ ಬುದ್ಧಿ ತಿಳಿಯುವ ಮೊದಲೇ ತಾಯಿ ತೀರಿಹೋಗಿದ್ದಳು. ಹೇನು ತೆಗೆದವಳು, ಹೆರಳು ಹಾಕಿದವಳು, ಗಂಡನ ಮನೆಗೆ ಕಳಿಸುವಾಗ ಉಡಿ ತುಂಬಿದವಳು, ಎಲ್ಲ ಆ ಅಕ್ಕ. ಆ ಅಕ್ಕನಿಗೆ ಈಗ ಮರೆವಿನ ಕಾಯಿಲೆ. ಅವಳ ಮಗ ಫೋನಿನಲ್ಲಿ ಹೇಳಿದ್ದು ಇಷ್ಟು: ಅವ್ವನಿಗೆ ಒಬ್ಬೊಬ್ಬರೇ ಮರೆತುಹೋಗುತ್ತಿದ್ದಾರೆ, ಸೊಸೆಯ ಗುರುತು ಹೋಯಿತು, ನಿಮ್ಮ ಹೆಸರು ಮಾತ್ರ ದಿನಾ ಹೇಳುತ್ತಾಳೆ, ಗುರುತಿರುವಾಗಲೇ ಒಮ್ಮೆ ಬಂದುಹೋಗಿ.

ಗಂಗವ್ವ ಅಂದೇ ರೊಟ್ಟಿ ಬಡಿದಳು. ನಮ್ಮ ಕಡೆ ಅಕ್ಕನ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಎಲ್ಲಿದೆ? ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಎಲ್ಲ ಬುತ್ತಿ ಕಟ್ಟಿ ಗಂಡನ ಮುಂದೆ ಬಂದು ನಿಂತಳು.

ಸಾಹುಕಾರ ಏನಂದ ಗೊತ್ತೇ? "ಹೊಸಾ ಗಾಡಿ ಬರ್ಲಿ ತಡಿ. ಅದರಾಗ ಹೋಗೂಣು. ಈ ಗಾಡಿ ಘಟ್ಟಾ ಇಳದು ಏರಿದ್ರ ಎಷ್ಟು ಪೆಟ್ರೋಲ್ ಕುಡೀತೈತಿ ಗೊತ್ತೈತೇನು ನಿನಗ?"

ಹೋಗಲಿ, ಬಸ್ಸಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಗಂಗವ್ವನೂ ಹಾಗೇ ಕೇಳಿದಳು. ಸಾಹುಕಾರನ ಹೆಂಡತಿ ಬಸ್‌ಸ್ಟ್ಯಾಂಡಿನಲ್ಲಿ ಗಂಟು ಹಿಡಿದು ನಿಂತರೆ ಪೇಟೆಯವರು ಏನಂದುಕೊಂಡಾರು ಎಂದು ಅವನಿಗೆ ಇನ್ನೊಂದು ಹೆದರಿಕೆ. ಆ ಬುತ್ತಿಯನ್ನು ಮನೆಯವರೇ ಉಂಡರು. ಮುಂದಿನ ತಿಂಗಳು ಗಂಗವ್ವ ಮತ್ತೆ ಬುತ್ತಿ ಕಟ್ಟಿದಳು, ಅದನ್ನೂ ಮನೆಯವರೇ ಉಂಡರು.

ಈ ಎರಡು ಮನಸ್ಸಿನ ಸಂಕಟ ಎಂಥದ್ದೆಂದರೆ, ಅದು ಒಂದೇ ಕಡೆ ನಿಲ್ಲುವುದಿಲ್ಲ. ಹಳೆಯ ಗಾಡಿಯನ್ನು ನೋಡುತ್ತಿದ್ದ ಮೆಕ್ಯಾನಿಕ್ ಬ್ರೇಕ್ ಸವೆದಿದೆ, ಹೊಸದು ಹಾಕಿಸಿಬಿಡಿ ಎಂದ. ಸಾಹುಕಾರ, ಹೇಗೂ ಮಾರುವ ಗಾಡಿ, ಸುಮ್ಮನೆ ಯಾಕೆ ಖರ್ಚು ಎಂದ. ಟೈರು ನುಣ್ಣಗಾಯಿತು. ಹೇಗೂ ಮಾರುವ ಗಾಡಿ. ಒಂದು ಬಾಗಿಲು ಒಳಗಿನಿಂದ ತೆರೆಯುವುದೇ ನಿಂತುಹೋಯಿತು. ಹೇಗೂ ಮಾರುವ ಗಾಡಿ. ಆದರೆ ಮಾರಿದನೇ? ಇಲ್ಲ. ಮಾರಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಗಾಡಿ ಮನೆಯ ಮುಂದೆಯೇ ನಿಂತಿತ್ತು, ಅವನ ಮನಸ್ಸಿನಲ್ಲಿ ಮಾತ್ರ ಅದು ಬೇರೆಯವರದಾಗಿ ಯಾವ ಕಾಲವಾಗಿತ್ತೋ.

ಅತ್ತ ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು. ಮೊದಮೊದಲು "ಗಂಗೀ, ಯಾವಾಗ ಬರ್ತೀ?" ಎಂದು ಕೇಳುತ್ತಿದ್ದವಳು, ಆಮೇಲೆ ಮಾತಿನ ನಡುವೆ ಸುಮ್ಮನಾಗತೊಡಗಿದಳು. ಒಂದು ಸಲ ತಮ್ಮ ತಾಯಿ ಇನ್ನೂ ಬದುಕಿರುವಂತೆ ಅವಳ ಆರೋಗ್ಯ ವಿಚಾರಿಸಿದಳು. ಅಂದು ಗಂಗವ್ವ ಫೋನು ಕೆಳಗಿಟ್ಟು ಅಡುಗೆಮನೆಯಲ್ಲಿ ಕೂತು ಅತ್ತಳು. ಸಾಹುಕಾರನಿಗೆ ಕೇಳಿಸಿತು. ಕೇಳಿಸಲಿಲ್ಲ ಎನ್ನಬೇಡಿ, ಅವನೇನು ಕೆಟ್ಟವನಲ್ಲ. ಹೆಂಡತಿಯ ಅಳು ಕೇಳಿ ಅವನಿಗೆ ಇನ್ನಷ್ಟು ದಿಗಿಲಾಯಿತು. ದಿಗಿಲಾದಾಗ ಮಾಡುವುದನ್ನೇ ಮಾಡಿದ, ಹೊರಗೆ ಹೋಗಿ ಇನ್ನೊಬ್ಬನ ಹತ್ತಿರ ಹೊಸ ಕಾರಿನ ವಿಚಾರ ಕೇಳಿದ.

ದೀಪಾವಳಿ ಕಳೆಯಿತು. ಗಂಗವ್ವ ಮತ್ತೊಮ್ಮೆ ಬುತ್ತಿ ಕಟ್ಟಿದಳು. ಈ ಸಲ ಗಂಡನ ಮುಂದೆ ನಿಂತು ಕೇಳಲಿಲ್ಲ. ನೇರವಾಗಿ ಹೋಗಿ ಗಾಡಿಯಲ್ಲಿ ಕೂತು, ತೊಡೆಯ ಮೇಲೆ ಗಂಟು ಇಟ್ಟುಕೊಂಡು ಮುಂದೆ ನೋಡುತ್ತಾ ಕೂತುಬಿಟ್ಟಳು. ಸಾಹುಕಾರ ಬಾಗಿಲ ಹತ್ತಿರ ಬಂದು ಹೊಸ ಗಾಡಿಯ ಮಾತು ಶುರುಮಾಡಿದ. ಅವಳು ಇತ್ತ ತಿರುಗಲೂ ಇಲ್ಲ. ಕೊನೆಗೆ ಅವನು ಕೀಲಿ ತಂದ.

ಹೊರಟರು. ಬಯಲು ಮುಗಿದು ಕಾಡು ಬಂತು. ಗಂಗವ್ವನ ಮನಸ್ಸಿನಲ್ಲಿ ಒಂದೇ ಮಾತು, ಅಕ್ಕ ನನ್ನ ಗುರುತು ಹಿಡಿಯುತ್ತಾಳೋ ಇಲ್ಲವೋ. ಸಾಹುಕಾರನ ಮನಸ್ಸಿನಲ್ಲಿ ಮುಳ್ಳು, ಆ ಪೆಟ್ರೋಲಿನ ಮುಳ್ಳು. ಘಟ್ಟದ ಇಳಿಜಾರು ಶುರುವಾದಾಗ ಅವನಿಗೆ ಒಂದು ಸಮಾಧಾನ ಹೊಳೆಯಿತು. ಇಳಿಯುವ ಗಾಡಿಗೆ ಪೆಟ್ರೋಲ್ ಯಾಕೆ? ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಆಫ್ ಮಾಡಿದ. ನಿಮ್ಮಲ್ಲಿ ಎಷ್ಟು ಜನ ಹೀಗೆ ಮಾಡುತ್ತೀರಿ? ಕೈ ಎತ್ತಬೇಡಿ, ಮುಖ ನೋಡಿದರೆ ತಿಳಿಯುತ್ತದೆ.

ಸದ್ದು ನಿಂತಿತು. ಗಾಳಿಯ ಸುಯ್ಯೆನ್ನುವ ದನಿ ಮಾತ್ರ. ಎಷ್ಟೋ ತಿಂಗಳ ಮೇಲೆ ಸಾಹುಕಾರನ ಎದೆ ಹಗುರವಾಯಿತು, ಪುಕ್ಕಟೆ ಹೋಗುತ್ತಿದ್ದೇನೆ ಎಂಬ ಹಿಗ್ಗು. ಮೊದಲ ತಿರುವಿನಲ್ಲಿ ಬ್ರೇಕ್ ತುಳಿದ, ಹಿಡಿಯಿತು. ಎರಡನೆಯದರಲ್ಲಿ ಹಿಡಿದೂ ಹಿಡಿಯದ ಹಾಗಾಯಿತು. ಇಂಜಿನ್ ನಿಂತ ಮೇಲೆ ಬ್ರೇಕಿಗೆ ಬಲ ಎಲ್ಲಿಂದ ಬರಬೇಕು? ಅದರ ಮೇಲೆ ಸವೆದ ಬ್ರೇಕು. ಮುಂದಿನ ತಿರುವು ಬಂದಾಗ ಕಾಲ ಕೆಳಗೆ ಅದು ಕಲ್ಲಿನಂತೆ ಬಿಗಿದು ಕೂತಿತ್ತು. ಸ್ಟೇರಿಂಗ್ ತಿರುಗಿಸಹೋದ, ಅದೂ ಬಿಗಿ. ಎದುರಿನಿಂದ ಲಾರಿಯೊಂದು ಏರಿ ಬರುತ್ತಿತ್ತು. ಒಂದು ಕಡೆ ಕಣಿವೆ.

ಬಂಧುಗಳೇ, ಆ ಗಳಿಗೆಯಲ್ಲಿ ಸಾಹುಕಾರನಿಗೆ ಹಳೆಯ ಕಾರು ನೆನಪಾಗಲಿಲ್ಲ, ಹೊಸ ಕಾರು ನೆನಪಾಗಲಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ಮಾತ್ರ ಕಂಡಳು. ಒಂದು ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದ, ಮೈಯ ಭಾರವೆಲ್ಲ ಹಾಕಿ ಗಾಡಿಯನ್ನು ಗುಡ್ಡದ ಕಡೆಗೆ ತಿರುವಿದ. ಗಾಡಿ ಕಲ್ಲಿನ ಗೋಡೆಗೆ ಉಜ್ಜಿಕೊಂಡು ಹೋಗಿ, ಮುಂದಿನ ಚಕ್ರ ಚರಂಡಿಗೆ ಇಳಿದು ನಿಂತಿತು. ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹಾದುಹೋಯಿತು.

ಜೀವ ಉಳಿಯಿತು. ಗಂಗವ್ವನ ಹಣೆಗೆ ಸ್ವಲ್ಪ ಪೆಟ್ಟಾಗಿತ್ತು. ಅವಳ ಕಡೆಯ ಬಾಗಿಲು ತೆರೆಯಲಿಲ್ಲ, ಅದು ಕೆಟ್ಟ ಬಾಗಿಲು ನೋಡಿ. ಸಾಹುಕಾರ ಅವಳನ್ನು ತನ್ನ ಕಡೆಯಿಂದ ಹೊರಗೆ ಎಳೆದುಕೊಂಡು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂರಿಸಿದ. ನೀರು ಕುಡಿಸಹೋಗಿ ಅವಳ ಸೀರೆಯ ಮೇಲೆಲ್ಲ ಚೆಲ್ಲಿದ. ಅವಳು ಬಯ್ಯಲಿಲ್ಲ. ಸೆರಗಿನಿಂದ ಹಣೆ ಒರೆಸಿಕೊಂಡು ಮೆಲ್ಲಗೆ ಹೇಳಿದಳು.

"ಈ ಗಾಡಿ ಇಟ್ಕೊಂಡಿದ್ರ ಇದರಾಗ ಹೋಗ್ತಿದ್ವಿ. ಮಾರಿ ಹೊಸಾದು ತಂದಿದ್ರ ಅದರಾಗ ಹೋಗ್ತಿದ್ವಿ. ನೀವು ಎರಡೂ ಮಾಡ್ಲಿಲ್ರಿ. ನಮ್ಮಕ್ಕ ಏನ್ ತಪ್ಪ ಮಾಡಿದ್ಲು?"

ಹಿಂದಿನಿಂದ ಒಂದು ಬಸ್ಸು ಬಂತು. ಸಾಹುಕಾರ ಕೈ ಅಡ್ಡ ಹಿಡಿದು ನಿಲ್ಲಿಸಿದ, ಗಂಟನ್ನು ತಾನೇ ಹೊತ್ತುಕೊಂಡು ಹತ್ತಿದ. ಬಸ್ಸಿನಲ್ಲಿ ಅವನನ್ನು ನೋಡಿ ಯಾರೂ ನಗಲಿಲ್ಲ, ಒಬ್ಬರು ಸರಿದು ಕೂತು ಗಂಗವ್ವನಿಗೆ ಜಾಗ ಕೊಟ್ಟರು.

ಸಂಜೆಯ ಹೊತ್ತಿಗೆ ಅಕ್ಕನ ಮನೆ ತಲುಪಿದರು. ಅಕ್ಕ ಜಗುಲಿಯ ಮೇಲೆ ಕೂತಿದ್ದಳು. ಗಂಗವ್ವ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಅಕ್ಕ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಹಣೆಯ ಗಾಯ ನೋಡಿ ಅವಳಿಗೂ ಅಯ್ಯೋ ಎನಿಸಿರಬೇಕು, ಬೆರಳಿನಿಂದ ಮುಟ್ಟಿದಳು. ಆಮೇಲೆ ಕೇಳಿದಳು.

"ಯಾರ ಮನಿಯಾಕಿ ಅವ್ವಾ ನೀ?"

ಒಳಗಿನಿಂದ ಮಗ ಬಂದ. ಚಿಗವ್ವಾ, ದೀಪಾವಳಿಯ ತನಕ ಅವ್ವ ದಿನಾ ಬೆಳಿಗ್ಗೆ ಗಂಗಿ ಬಂದಳೇನು ನೋಡು ಎನ್ನುತ್ತಿದ್ದಳು, ಹಬ್ಬವಾದ ಮೇಲೆ ಕೇಳುವುದನ್ನು ಬಿಟ್ಟಳು ಎಂದ. ಅವನು ಯಾರನ್ನೂ ದೂರಲಿಲ್ಲ, ಇದ್ದದ್ದನ್ನು ಹೇಳಿದ. ಗಂಗವ್ವ ಬುತ್ತಿ ಬಿಚ್ಚಿ, ಹೋಳಿಗೆ ಮುರಿದು, ತುಪ್ಪ ಹಾಕಿ ಕಲಸಿ ಅಕ್ಕನ ಬಾಯಿಗೆ ಇಟ್ಟಳು. ಅಕ್ಕ ಚಿಕ್ಕ ಮಗುವಿನ ಹಾಗೆ ತಿಂದಳು. ಸಾಹುಕಾರ ಅಂಗಳದಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ. ಎದುರಿನಲ್ಲಿ ಕೂತ ಆ ಇಬ್ಬರು ಹೆಣ್ಣುಮಕ್ಕಳ ನಡುವಿನಿಂದ ತಾನೇನು ಕಿತ್ತುಕೊಂಡೆ ಎಂಬುದು ಅವನಿಗೆ ಆಗ ತಿಳಿಯಿತು. ತಿಳಿದು ಅತ್ತ. ಅತ್ತರೆ ಏನು ಬಂತು?

ಈಗ ನಿಮ್ಮಲ್ಲಿ ಕೆಲವರು ಕೇಳಬೇಕೆಂದಿದ್ದೀರಿ, ನನಗೆ ಗೊತ್ತು. ಅಜ್ಜಾರೇ, ಆಮೇಲೆ ಅವನು ಗಾಡಿ ಇಟ್ಟುಕೊಂಡನೋ, ಮಾರಿದನೋ? ನೋಡಿ, ಇಷ್ಟೆಲ್ಲ ಕೇಳಿದ ಮೇಲೂ ನಿಮಗೆ ಗಾಡಿಯದೇ ಚಿಂತೆ. ಅವನು ಮರುದಿನವೇ ಒಂದು ನಿರ್ಧಾರ ಮಾಡಿದ, ಅದರಂತೆ ನಡೆದ. ಯಾವುದೆಂದು ನಾನು ಹೇಳುವುದಿಲ್ಲ. ಎರಡೂ ಸರಿಯೇ ಇತ್ತು, ಮೊದಲ ದಿನದಿಂದಲೂ ಎರಡೂ ಸರಿಯೇ ಇತ್ತು.

ಕಾರಿಲ್ಲದವರು ಇದು ನಮಗಲ್ಲ ಎಂದು ಆರಾಮಾಗಿ ಕೂತಿದ್ದೀರಿ. ನಿಮ್ಮನ್ನೇ ಕೇಳುತ್ತೇನೆ. ಹೇಗೂ ಬಿಡುವ ಬಾಡಿಗೆ ಮನೆ ಎಂದು ಸೋರುವ ನಲ್ಲಿಯನ್ನು ಹಾಗೇ ಬಿಟ್ಟವರು ಯಾರು? ಹೇಗೂ ವರ್ಗವಾಗುತ್ತದೆ ಎಂದು ಶಾಲೆಯ ಮಕ್ಕಳ ಹೆಸರನ್ನೇ ಕಲಿಯದ ಮಾಸ್ತರು ಇಲ್ಲಿ ಇದ್ದಾರೋ ಇಲ್ಲವೋ? ಹೇಗೂ ಬೇರೆಯಾಗುತ್ತೇವೆ ಎಂದು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಮಾತು ಬಿಟ್ಟು ಉಣ್ಣುತ್ತಿದ್ದೀರಲ್ಲ, ಬೇರೆಯಾದಿರಾ? ಇಲ್ಲ. ಕೂಡಿ ಇದ್ದಿರಾ? ಅದೂ ಇಲ್ಲ. ಇಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಹೊರಟಿದ್ದೀರಿ. ಸದ್ದಿಲ್ಲ, ಹಾಯಾಗಿದೆ. ತಿರುವು ಬರುವ ತನಕ ಹಾಯಾಗಿಯೇ ಇರುತ್ತದೆ.

ಏನು ಮಾಡಬೇಕು? ದೊಡ್ಡ ವ್ರತವೇನೂ ಬೇಡ. ವಿಚಾರ ಮಾಡಿ, ಬಲ್ಲವರನ್ನು ಕೇಳಿ, ಅದಕ್ಕೊಂದು ಗಡುವು ಇಟ್ಟುಕೊಳ್ಳಿ, ಆ ದಿನ ಒಂದನ್ನು ಹಿಡಿದು ಇನ್ನೊಂದನ್ನು ಬಿಡಿ. ಬಿಡುವ ದಿನದ ತನಕ ಕೈಯಲ್ಲಿರುವುದು ನಿಮ್ಮದೇ. ನಾಳೆ ಮಾರುವ ಗಾಡಿಯಾದರೂ ಇವತ್ತು ಅದರಲ್ಲಿ ಕೂರುವವರು ನಿಮ್ಮ ಮನೆಯ ಜನ, ಬ್ರೇಕ್ ಹಾಕಿಸಿ. ಇನ್ನೊಂದು ಮಾತು. ಅದಾದ ಮೇಲೆ ಹೋಗೋಣ, ಇದು ಬಂದ ಮೇಲೆ ಹೋಗೋಣ ಎಂದು ಯಾರ ಮನೆಗೆ ಹೋಗುವುದನ್ನು ಮುಂದೆ ಹಾಕಿದ್ದೀರಿ? ಅವರ ಮುಖ ಈಗ ನಿಮ್ಮ ಕಣ್ಣ ಮುಂದೆ ಬಂತಲ್ಲವೇ? ಅವರಿಗೆ ಇನ್ನೂ ನಿಮ್ಮ ಗುರುತಿದೆ.

ಈಗ ಪ್ರಸಾದಕ್ಕೆ ಏಳುತ್ತೀರಿ. ಏಳಿ, ಆದರೆ ಪಂಕ್ತಿಯಲ್ಲಿ ಕೂರುವ ಮೊದಲು ಹೊರಗೆ ಅಂಗಳಕ್ಕೆ ಹೋಗಿ ಅವರಿಗೆ ಒಂದು ಫೋನು ಮಾಡಿ, ಯಾವತ್ತು ಬರುತ್ತೀರಿ ಎಂದು ದಿನ ಹೇಳಿ. ಬಡಿಸುವವರಿಗೆ ನಾನು ಹೇಳಿದ್ದೇನೆ, ನೀವು ಬರುವ ತನಕ ಕಾಯುತ್ತಾರೆ.