ಕುಂಬಾರ ಮುಗಿಸದ ಕತ್ತು

ಸಂಜೆಯ ಮಳೆಗೆ ಕರೆಂಟು ಹೋಗಿ ಮನೆಮಂದಿಯೆಲ್ಲ ಒಂದೇ ಮೇಣದಬತ್ತಿಯ ಸುತ್ತ ಕೂತಿದ್ದರು. ಹಳೇ ಸಾಮಾನಿನ ಅಂಗಡಿಯಿಂದ ಅಂದೇ ತಂದ ಮಣ್ಣಿನ ಹೂಜಿಯನ್ನು ಮಡಿಲಲ್ಲಿಟ್ಟುಕೊಂಡ ಸೊಸೆ, ಅದು ಶೋಕೇಸಿನ ಯಾವ ಮೂಲೆಗೆ ಒಪ್ಪೀತೆಂದು ಯೋಚಿಸುತ್ತಿದ್ದಳು. ಒರೆಸಲು ಒದ್ದೆ ಬಟ್ಟೆ ಎತ್ತಿಕೊಂಡಳು, ಅಷ್ಟೆ. ಅತ್ತೆ ಗದರಿದರು.

"ಇಡು ಕೆಳಗೆ! ಸುಟ್ಟಿದ್ದೋ ಹಸಿಯೋ ಅಂತ ಬಡಿದು ನೋಡಿದ್ಯಾ? ಇಲ್ಲ. ಬಣ್ಣ ನೋಡ್ದೆ, ಹೊತ್ಕೊಂಡು ಬಂದೆ... ನಮ್ಮಣ್ಣನ ಹೆಂಡತೀನೂ ಹಿಂಗೇ. ಹಳೇ ಮಡಕೆ ಹುಚ್ಚು. ಮೆಟ್ಟಿಲ ಮೇಲೆ ಮಡಕೆ, ಕಿಟಕೀಲಿ ಮಡಕೆ, ಮಂಚದ ಕೆಳಗೆ ಜಾಡಿ. ನಮ್ಮಣ್ಣ ಕಾಲು ಚಾಚೋಕೂ ಅಪ್ಪಣೆ ಕೇಳಬೇಕಿತ್ತು. ನಗಬೇಡಿ, ನಗೋ ಕತೆ ಅಲ್ಲ ಇದು.

ಒಂದಿನ ಸತ್ತ ಕುಂಬಾರನೊಬ್ಬನ ಮನೆಗೆ ಹೋದ್ಲು. ಚಕ್ರದ ಪಕ್ಕ ಒಂದು ಹೂಜಿ, ಕತ್ತಿನ್ನೂ ಅಗಲ. ಅವನ ಹೆಂಡತಿ ಕೈ ಮುಗಿದು, 'ಇದೊಂದು ಬೇಡಮ್ಮ, ಕತ್ತು ಎಳೀತಾ ಎಳೀತಾನೇ ಪ್ರಾಣ ಬಿಟ್ರು. ಸುಟ್ಟಿಲ್ಲ. ಅವರ ಕೆಲಸ ಮುಗಿದಿಲ್ಲ' ಅಂದ್ಲಂತೆ. ಅತ್ತಿಗೆ ಕೇಳ್ತಾಳಾ? ಆಕೆ ಒಳಗೆ ಹೋಗಿದ್ದೇ ತಡ, ಚೀಲಕ್ಕೆ ಹಾಕ್ಕೊಂಡು ಬಂದೇಬಿಟ್ಲು!

ತಂದಿದ್ದನ್ನ ಒರೆಸದೆ ಇಡೋಳಲ್ಲ ಅವಳು. ಒದ್ದೆ ಬಟ್ಟೇಲಿ ತಿಕ್ಕಿದ್ಲು, ಒಣಗಿದ್ದ ಮಣ್ಣು ಮೆತ್ತಗಾಯ್ತು... ಮಾರನೇ ದಿನ ನೋಡಿದ್ರೆ ಕತ್ತು ಒಂದು ಬೆರಳಷ್ಟು ಕಿರಿದಾಗಿತ್ತು. ಸುತ್ತ ಹೆಬ್ಬೆರಳ ಗುರುತು, ಅವಳದಕ್ಕಿಂತ ಎರಡರಷ್ಟು ದಪ್ಪ. 'ಕೊಟ್ಟು ಬಾ ಮಾರಾಯ್ತಿ' ಅಂತ ಅಣ್ಣ ಗೋಗರೆದ. 'ಭಾನುವಾರ ಜನ ನನ್ನ ಮಡಕೆ ನೋಡೋಕೆ ಬರ್ತಾರೆ, ಸೋಮವಾರ ಕೊಡ್ತೀನಿ' ಅಂದ್ಲು. ಶನಿವಾರಕ್ಕೆಲ್ಲ ಹೂಜಿ ಕತ್ತು ಮುಗಿದಿತ್ತು, ಎಷ್ಟು ಚಂದ ಅಂತೀರಿ! ಆದ್ರೆ ಆ ಕೈ ನಿಲ್ಲಬೇಕಲ್ಲ? ಮನೇಲಿದ್ದ ನೂರು ಮಡಕೇನೂ ಸುಟ್ಟಿದ್ದು, ಬಗ್ಗಲ್ಲ. ಇನ್ನು ಹಸಿಯಾಗಿ ಉಳಿದಿದ್ದು ಯಾವುದು ಹೇಳಿ... ಮನುಷ್ಯರ ಮೈ.

ಭಾನುವಾರ ಬಂದ ಜನ ಮಡಕೆ ನೋಡಲಿಲ್ಲ. ಶೋಕೇಸಿನ ಮುಂದೆ ಕೂತಿದ್ದ ಅವಳನ್ನ ನೋಡಿದ್ರು. ಕಣ್ಣು ತೆರೆದೇ ಇತ್ತು. ಕತ್ತು ನನ್ನ ಮಣಿಕಟ್ಟಿನಷ್ಟು ಸಣ್ಣ... ನುಣುಪಾಗಿ, ಉದ್ದಕ್ಕೆ ಎಳೆದ ಹಾಗಿತ್ತು."

"ಹೂಜಿ ಏನಾಯ್ತು ಅತ್ತೆ?" ಎಂದಳು ಸೊಸೆ, ತನ್ನದನ್ನು ಮೆಲ್ಲಗೆ ನೆಲಕ್ಕಿಳಿಸುತ್ತ.

"ಕುಂಬಾರನ ಹೆಂಡತಿಗೇ ಕೊಟ್ಟುಬಿಡು ಅಂದ ಅಣ್ಣ. ನನಗೆ ಕೋಪ ನೆತ್ತಿಗೇರಿತ್ತು. ಒಡೆದು, ಹಿಸುಕಿ, ಕೆರೆಗೆ ಎಸೆದೆ. ಅವನ ಕಡೇ ಕೆಲಸ ಹಾಳು ಮಾಡಿದೋಳು ನಾನು... ಸುಮ್ನೆ ಬಿಡ್ತಾನಾ?"

ಅತ್ತೆ ಕತ್ತಿಗೆ ಸುತ್ತಿದ್ದ ಶಾಲನ್ನು ಸಡಿಲಿಸಿದರು.

"ಮೂವತ್ತು ಮಳೆಗಾಲ ಆಯ್ತು. ಒಂದೊಂದಕ್ಕೂ ಒಂದೊಂದು ಕೂದಲೆಳೆಯಷ್ಟು ಕಿರಿದು ಮಾಡ್ತಾನೆ. ಮೊದಲು ತುತ್ತು ಇಳೀತಿತ್ತು, ಆಮೇಲೆ ಗಂಜಿ, ಈಗ ಬರೀ ನೀರು. ಸತ್ತೋನಿಗೇನು ಅವಸರ? ದೀಪ ಹತ್ತಿರ ತಾ ಮಗಳೇ, ಮುಟ್ಟಿ ನೋಡು... ಇವತ್ತಿನ ಗುರುತು ಇನ್ನೂ ಆರಿಲ್ಲ."